ಜಾಲಿ ಕಂಬ ಮಾತಾಡಿದ ವರ್ಷ

ಹೋದ ವಾರ ಮುಧೋಳದ ಸಾಮಿಲ್ಲಿಗೆ ಹೋಗಿದ್ದೆ. ಹಿಪ್ಪರಗಿಯವರೊಬ್ಬರು ಹೊಸ ಮನೆಯ ಪಡಸಾಲೆಗೆ ಒಂದು ಕಂಬ ಬೇಕೆಂದಿದ್ದರು, ಅದಕ್ಕೆ ಸಾಗವಾನಿ ನೋಡಬೇಕಿತ್ತು. ಒಳಗೆ ಯಾರದೋ ಹೊಲದ ಹಸಿ ಜಾಲಿ ದಿಮ್ಮಿಯನ್ನು ಕೊರೆಯುತ್ತಿದ್ದರು. ಹಸಿ ಜಾಲಿ ಕೊರೆದಾಗ ಒಂದು ಒಗರು ವಾಸನೆ ಏಳುತ್ತದೆ, ಗಂಟಲವರೆಗೂ ಇಳಿಯುತ್ತದೆ. ಬಂದ ಕೆಲಸ ಮರೆತು ಅಲ್ಲೇ ನಿಂತುಬಿಟ್ಟೆ. "ಬಡಿಗೇರ್ರ, ಸಾಗವಾನಿ ಈ ಕಡಿ ಐತ್ರಿ" ಎಂದು ಮಾಲೀಕ ಎರಡು ಸಲ ಕೂಗಿದನಂತೆ. ನಾನು ಆಗಲೇ ಬೀಳಗಿಯ ಗುಡ್ಡದ ಹೊಟ್ಟೆಯೊಳಗೆ ಹೋಗಿ ಮುಟ್ಟಿದ್ದೆ.

ನಮ್ಮದು ತೇರದಾಳದ ಬಡಿಗೇರರ ಮನೆ. ರಬಕವಿಯಿಂದ ಜಮಖಂಡಿವರೆಗೆ ಹಳೆಯ ಮಣ್ಣಿನ ಮಾಳಿಗೆಯ ಮನೆ ಎಲ್ಲಿ ಕಂಡರೂ ಒಳಗೆ ಹೋಗಿ ಕಂಬ ನೋಡುತ್ತೇನೆ. ನಾಲ್ಕರಲ್ಲಿ ಒಂದಾದರೂ ನಮ್ಮ ಅಜ್ಜನದೋ ಅಪ್ಪನದೋ ಕೈ ಇರುತ್ತದೆ. ಕಲ್ಲಿನ ಮೇಲೆ ಕೂತ ದಪ್ಪ ಬುಡ, ಮೇಲೆ ಗಿಳಿ ಕೆತ್ತಿದ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ಮೊಳ ದಪ್ಪದ ಮಣ್ಣು. ಒಂದು ಮೊಳೆ ಇಲ್ಲದೆ ಮೂರು ತಲೆಮಾರು ಅಲುಗದೆ ನಿಂತ ಕೆಲಸ. ಈ ಹೆಮ್ಮೆ ನನಗೆ ಹಾಲಿನ ಜೊತೆಗೇ ಬಂದದ್ದು, ಮುಚ್ಚಿಡುವುದಿಲ್ಲ. ಆದರೆ ಎಲ್ಲರೂ ಸ್ಲ್ಯಾಬು ಹಾಕಿಸತೊಡಗಿದ ಮೇಲೆ ಕಂಬ ಕೇಳುವವರು ಇಲ್ಲವಾದರು. ನನ್ನ ಪಾಲಿಗೆ ಕಿಟಕಿ ಚೌಕಟ್ಟು, ದೇವರ ಕೋಣೆಯ ಬಾಗಿಲು ಇಷ್ಟೇ ಉಳಿದವು.

ಅಂಥ ದಿನಗಳಲ್ಲಿ ಬೀಳಗಿಯ ಕಡೆಯಿಂದ ಕರೆ ಬಂತು. ಕೃಷ್ಣೆಯ ನೀರನ್ನು ಎತ್ತಿ, ಗುಡ್ಡದ ಆಚೆಗಿನ ಒಣ ಭೂಮಿಗೆ ಕೊಡುವ ಕೆಲಸ ಶುರುವಾಗಿತ್ತು. ಕಾಲುವೆ ಗುಡ್ಡವನ್ನು ಸುತ್ತಿ ಹೋಗುವ ಬದಲು ಸುರಂಗ ಕೊರೆಯುತ್ತಿದ್ದರು. ಅಲ್ಲಿಗೆ ಬಡಿಗೇರ ಬೇಕಂತೆ, ಅದೂ ಕಂಬ ಮಾಡಲು. ಕಂಬ ಎಂಬ ಒಂದು ಶಬ್ದ ಸಾಕಾಯಿತು, ನಾನು ಬಾಚಿ, ಉಳಿ, ರಂಧಾ ಎಲ್ಲ ಗೋಣಿಚೀಲಕ್ಕೆ ತುಂಬಿಕೊಂಡೆ. ಹೆಂಡತಿ ಶಾಂತವ್ವ ಮಾತ್ರ, "ಮನಿ ಬಿದ್ರ ಹೊರಗ ಓಡಬಹುದು. ಗುಡ್ಡ ಬಿದ್ರ ಎಲ್ಲಿ ಓಡತೀರಿ?" ಎಂದು ಕೇಳಿದಳು. ಬಸ್ಸಿನ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಮೊದಲ ಸಲ ಒಳಗೆ ಹೋದಾಗ ತಲೆ ಎತ್ತಿ ನೋಡಿದೆ. ಅಲ್ಲಿಯ ಕಲ್ಲು ಇಡೀ ಬಂಡೆಯಲ್ಲ, ಪದರು ಪದರು. ನಮ್ಮ ಮನೆಗಳಲ್ಲಿ ಖಡಕ್ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿರುತ್ತಾರಲ್ಲ, ಹಾಗೆ. ಗಟ್ಟಿ ಇದ್ದ ಕಡೆ ತೂತು ಕೊರೆದು ಆಳುದ್ದದ ಕಬ್ಬಿಣದ ಬೋಲ್ಟುಗಳನ್ನು ಹೊಡೆದು ಪದರುಗಳನ್ನೆಲ್ಲ ಒಂದಕ್ಕೊಂದು ಹೊಲಿದುಬಿಡುತ್ತಿದ್ದರು. ಮೇಲೆ ತಂತಿಯ ಜಾಳಿಗೆ ಕಟ್ಟಿ ಸಿಮೆಂಟು ಚಿಮ್ಮಿಸುತ್ತಿದ್ದರು. ಬೋಲ್ಟು ಹಿಡಿಯದ ಮೆತ್ತನೆಯ ಕಡೆಗೆ ಕಬ್ಬಿಣದ ಕಮಾನು ನಿಲ್ಲಿಸಬೇಕು. ಕಮಾನು ಬರುವವರೆಗೆ ಮರದ ಕಂಬ. ಆ ಕಂಬದ ಕೆಲಸ ನನ್ನದು.

ನಾಲ್ಕು ದಿನ ಕೂತು ಒಂದು ಕಂಬ ಮಾಡಿದೆ. ರಂಧಾ ಹೊಡೆದು ನುಣುಪು ಮಾಡಿ, ಬುಡ ದಪ್ಪ ಬಿಟ್ಟು, ನೆತ್ತಿಯಲ್ಲಿ ಗೂಟ ತೆಗೆದು, ಅದಕ್ಕೆ ಹೊಂದುವ ಬೋದಿಗೆಯನ್ನೂ ಕೊರೆದು ಹೊರಗೆ ನಿಲ್ಲಿಸಿದೆ. ಗಿಳಿ ಒಂದು ಕೆತ್ತಿರಲಿಲ್ಲ ಅಷ್ಟೇ. ಕಂಬದ ಉಸ್ತುವಾರಿ ಬೀರಪ್ಪ ಮೇಸ್ತ್ರಿಯದು. ಬೀಳಗಿ ತಾಲೂಕಿನ ಕುರಿಗಾರರ ಮನೆಯವನು, ಬೀರೇಶ್ವರನ ಭಕ್ತ. ಹರೆಯದಲ್ಲಿ ರಾಯಚೂರ ಕಡೆಯ ಚಿನ್ನದ ಗಣಿಗೆ ಹೋಗಿ, ಜೀವಮಾನವೆಲ್ಲ ನೆಲದೊಳಗೆ ಆಸರೆಯ ಕಂಬ ಕೊಟ್ಟು, ನಿವೃತ್ತಿಯಾಗಿ ಊರಿಗೆ ಬಂದಿದ್ದ. ನನ್ನ ಕಂಬದ ಸುತ್ತ ಒಂದು ಸುತ್ತು ಬಂದ, ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡ.

"ಯಾರ ಲಗ್ನ ಐತೊ ಬಡಿಗೇರಾ?" ಎಂದ.

ಸುತ್ತ ನಿಂತವರೆಲ್ಲ ನಕ್ಕರು. ನನಗೆ ಕಿವಿ ಬಿಸಿಯಾಯಿತು. "ನಮ್ಮ ಅಜ್ಜ ಇಟ್ಟ ಕಂಬ ಇನ್ನೂ ನಿಂತಾವ ಕಾಕಾ" ಎಂದೆ.

"ನಿಂತಾವ, ಯಾಕ ನಿಲ್ಲಾಂಗಿಲ್ಲ. ಮನಿ ಒಂದ ಕಡಿ ಕುಂತಿರತೈತಿ. ಗುಡ್ಡ ಕುಂಡ್ರಂಗಿಲ್ಲ. ನಾವು ಅದರ ಹೊಟ್ಟಿ ಕೊರದೇವಿ, ಅದು ಹೊಳ್ಳಿ ಮಕ್ಕೊಳ್ಳಾಕ ನೋಡತೈತಿ." ಹೀಗಂದು ನನ್ನ ಕೈಯ ಬಾಚಿ ಇಸಿದುಕೊಂಡು, ಆ ನುಣುಪಾದ ಕಂಬದ ನೆತ್ತಿಯ ಗೂಟವನ್ನು ಎರಡೇ ಏಟಿಗೆ ಹಾರಿಸಿದ. ಆಮೇಲೆ ಕಂಬವನ್ನು ಮಲಗಿಸಿ, ಬುಡವನ್ನು ಸುತ್ತಲೂ ಕೆತ್ತತೊಡಗಿದ. ಸೀಸಕಡ್ಡಿ ಕೆತ್ತಿದ ಹಾಗೆ ಒಂದು ಮೊಳದುದ್ದ ಬುಡ ಸಣ್ಣಗಾಗುತ್ತ ಬಂತು. ನನಗೆ ಯಾರೋ ನನ್ನ ಕಾಲನ್ನೇ ಕೆತ್ತಿದಂತಾಯಿತು. ಬುಡ ಸಣ್ಣ ಮಾಡುವುದು ನಮ್ಮ ಮನೆತನದಲ್ಲಿ ಯಾರೂ ಮಾಡದ ಕೆಲಸ.

"ಬುಡ ಸಣ್ಣ ಮಾಡಿದ್ರ ಭಾರ ಹೆಂಗ ತಡೀತೈತಿ?"

"ಗುಡ್ಡದ ಭಾರ ಹೊರೂ ಕಂಬ ಯಾವ ಬಡಿಗ್ಯಾನೂ ಮಾಡಿಲ್ಲ, ನೀನೂ ಮಾಡಾಂಗಿಲ್ಲ" ಎಂದ ಬೀರಪ್ಪಕಾಕಾ. "ಒಂದೀಟ ಹೊತ್ತು ತಡೀಬೇಕು, ತಡ್ಯಾಕ ಆಗಲಿಲ್ಲ ಅಂದ್ರ ಮೊದಲ ನಮಗ ಹೇಳಬೇಕು. ಸಣ್ಣ ಬುಡ ಮೊದಲ ಜಜ್ಜತೈತಿ, ಎಳಿ ಬಿಚ್ಚತೈತಿ, ಚಿಟಿಚಿಟಿ ಅಂತೈತಿ. ಅಷ್ಟೊತ್ತಿಗೆ ನಾವು ಹೊರಗ ಇರಬೇಕು. ಕಬ್ಬಿಣ ಸುಮ್ಮ ಇದ್ದ ಒಮ್ಮೆಲೇ ಬಾಗತೈತಿ. ಕಟ್ಟಿಗಿಗೆ ಬಾಯಿ ಐತಿ."

ಅಂದಿನಿಂದ ನಾನು ಜಾಲಿ ಕಂಬಗಳ ಬುಡ ಕೆತ್ತಿದೆ. ಅಕ್ಕಪಕ್ಕದ ಹೊಲಗಳ ಜಾಲಿ ಬರುತ್ತಿತ್ತು, ಅಂಗಳದ ತುಂಬ ಅದೇ ಒಗರು ವಾಸನೆ. ಕಂಬದ ನೆತ್ತಿಗೆ ಮಾವಿನ ಹಲಗೆಯ ತುಂಡು ಇಡಬೇಕು, ಮೆತ್ತಗಿರುವುದರಿಂದ ಅದು ಮೊದಲು ಅಮುಕಿಕೊಳ್ಳುತ್ತದೆ. ಹಲಗೆಗೂ ಕಲ್ಲಿಗೂ ನಡುವೆ ಎರಡು ಬೆಣೆ ಎದುರುಬದುರು ಬಡಿಯಬೇಕು. ಕೆಲಸ ಕಲಿತೆ, ಆದರೆ ಮನಸ್ಸು ಒಪ್ಪಲಿಲ್ಲ. ಪ್ರತಿ ಕಂಬ ಮುಗಿದಾಗಲೂ, ಅಪ್ಪ ನೋಡದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಬೀರಪ್ಪಕಾಕಾ ಕಲಿಸಿದ ಇನ್ನೊಂದು ವಿದ್ಯೆಯನ್ನು ಮಾತ್ರ ಮನಸಾರೆ ಕಲಿತೆ. ಬೆಳಿಗ್ಗೆ ಯಾರೂ ಒಳಗೆ ಹೋಗುವ ಮೊದಲು ನಾವಿಬ್ಬರು ಉದ್ದನೆಯ ಹಾರೆ ಹಿಡಿದು ಛಾವಣಿಯನ್ನು ತಟ್ಟುತ್ತ ಹೋಗಬೇಕು. ಒಳ್ಳೆಯ ಕಲ್ಲು ಖಣ್ ಎನ್ನುತ್ತದೆ, ಹಾರೆಯ ನಡುಕ ಮೊಣಕೈವರೆಗೆ ಬರುತ್ತದೆ. ಪದರು ಬಿಟ್ಟ ಕಲ್ಲು ಧಬ್ ಎನ್ನುತ್ತದೆ. "ಡೊಳ್ಳು ಬಾರಿಸ್ದಾಂವಗ ಇದನ್ನ ಹೇಳಿಕೊಡಬೇಕಾಗಿಲ್ಲ. ತೊಗಲು ಸಡಲ ಆದ್ರ ಕೈಗಿಂತ ಮೊದಲ ಕಿವಿಗೆ ಗೊತ್ತಾಗತೈತಿ" ಎನ್ನುತ್ತಿದ್ದ. ಅವನು ಗಣಿಯಲ್ಲಿದ್ದಾಗಲೂ ಜಾತ್ರೆ ತಪ್ಪಿಸದೆ ಬಂದು, ಬೀರೇಶ್ವರನ ಗುಡಿಯಲ್ಲಿ ಐವತ್ತು ವರ್ಷ ಡೊಳ್ಳು ಹೊಡೆದವನು. ಧಬ್ ಎಂದ ಕಲ್ಲನ್ನು ದೂರ ನಿಂತು ಮೀಟಿ ಕೆಡವುವುದು, ಆಮೇಲೇ ಉಳಿದವರನ್ನು ಒಳಗೆ ಬಿಡುವುದು. ಒಳಗೆ ಕೆಲಸ ಮಾಡುವವರು ಎಂಟು ಜನ, ಡ್ರಿಲ್ಲು ಹಿಡಿಯುವ ಹಿಪ್ಪರಗಿಯ ಮಲ್ಲಪ್ಪ ಅವರ ಮುಂದಾಳು. ಬೀರಪ್ಪಕಾಕಾ ಸುರಂಗದ ಬಾಯಲ್ಲಿ ನಿಂತು ಬೆರಳು ಎಣಿಸುತ್ತ ಒಳಗೆ ಬಿಡುತ್ತಿದ್ದ, ಹಾಗೇ ಎಣಿಸುತ್ತ ಹೊರಗೆ ಕರೆಯುತ್ತಿದ್ದ.

ಆಷಾಢದ ಹೊತ್ತಿಗೆ ಮೆತ್ತನೆಯ ಪಟ್ಟಿ ಸಿಕ್ಕಿತು. ಪದರು ಪದರಿನ ನಡುವೆ ಕೆಂಪು ಜೇಡಿ. ಬೋಲ್ಟು ಹೊಡೆದರೆ ಹಿಡಿತವಿಲ್ಲ, ಬೆಣ್ಣೆಗೆ ಕಡ್ಡಿ ಚುಚ್ಚಿದಂತೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು, ಒಳಗೆ ಛಾವಣಿಯೂ ತೊಟ್ಟಿಕ್ಕುತ್ತಿತ್ತು. ಕಮಾನುಗಳು ಬರಲು ಇನ್ನೂ ತಡ. ಕಲ್ಲುಮಣ್ಣು ಬಳಿಯುವ ಯಂತ್ರಕ್ಕೆ ದಾರಿ ಬಿಟ್ಟು, ಒಂದು ಮಗ್ಗುಲಿಗೆ ಸಾಲಾಗಿ ಕಂಬ ಕೊಟ್ಟೆವು. ಕಂತ್ರಾಟದವರ ದೊಡ್ಡ ಸಾಹೇಬರಿಗೆ ಅವೂ ಅಡ್ಡ. ಸವಿತಾ ಮೇಡಂ ಮಾತ್ರ ಕಮಾನು ಬರುವವರೆಗೆ ಒಂದು ಕಂಬವನ್ನೂ ಕೀಳುವುದಿಲ್ಲ ಎಂದರು. ಅವರು ನಮ್ಮ ಪಾಳಿಯ ಇಂಜಿನಿಯರು, ಬನಹಟ್ಟಿಯ ನೇಕಾರರ ಮಗಳು. ಗೋಡೆಗಳಲ್ಲಿ ಮೊಳೆ ಹೊಡೆದು, ದಿನಾ ಬೆಳಿಗ್ಗೆ ಟೇಪು ಹಿಡಿದು, ಸುರಂಗ ಎಷ್ಟು ಕುಗ್ಗಿತು ಎಂದು ಅಳೆದು ಬರೆದಿಡುತ್ತಿದ್ದರು.

ಆಗಲೇ ನಾನೊಂದು ತಪ್ಪು ಮಾಡಿದೆ. ಒಂದು ದಿನ ಒಳ್ಳೆಯ ಜಾಲಿ ಬಂತು. ನೇರ, ಗಂಟಿಲ್ಲದ್ದು, ಒಳಗೆಲ್ಲ ಕಪ್ಪು ಕೆಂಪು. ನನ್ನ ಕೈಗೆ ಅದರ ಬುಡ ಕೆತ್ತಲು ಮನಸ್ಸಾಗಲಿಲ್ಲ. ಇಂಥ ಮೆತ್ತನೆಯ ಜಾಗಕ್ಕೆ ಒಂದಾದರೂ ಗಟ್ಟಿ ಕಂಬ ಇರಲಿ, ಬಡಿಗೇರನ ಕಂಬ ಎಂದರೆ ಏನೆಂದು ಗುಡ್ಡಕ್ಕೂ ಗೊತ್ತಾಗಲಿ ಎಂದುಕೊಂಡು, ದಪ್ಪ ಬುಡ ಬಿಟ್ಟು, ಬೀರಪ್ಪಕಾಕಾ ಇಲ್ಲದ ಹೊತ್ತಿನಲ್ಲಿ ನಿಲ್ಲಿಸಿಬಿಟ್ಟೆ. ಮರುದಿನ ಅವನು ನೋಡಿದ. ಬುಡಕ್ಕೆ ಕೈ ಸವರಿದ, ಹಾರೆಯಿಂದ ಒಮ್ಮೆ ತಟ್ಟಿದ, ನನ್ನ ಮುಖ ನೋಡಿದ. ಆಮೇಲೆ ನಾನು ಕೆತ್ತಿಟ್ಟಿದ್ದ ಚೂಪು ಬುಡದ ಕಂಬ ಒಂದನ್ನು ತರಿಸಿ, ನನ್ನ ಕಂಬದಿಂದ ಒಂದೇ ಮಾರು ದೂರದಲ್ಲಿ ತಾನೇ ನಿಲ್ಲಿಸಿ ಬೆಣೆ ಬಡಿದ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಎರಡು ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಅವನು ಕಣ್ಣಿನ ಪೊರೆ ತೆಗೆಸಲು ಜಮಖಂಡಿಗೆ ಹೊರಟ. ಹೋಗುವಾಗ ಹಾರೆಯನ್ನು ನನ್ನ ಕೈಗೆ ಕೊಟ್ಟ.

"ಬಡಿಗೇರಾ, ಕಣ್ಣ ತಗೊಂಡ ಹೊಂಟೇನಿ, ಕಿವಿ ಇಲ್ಲೇ ಬಿಟ್ಟ ಹೊಂಟೇನಿ. ಎಂಟ ಮಂದಿ ಒಳಗ ಇರತಾರ."

"ನೋಡ್ಕೊಂತೇನಿ ಕಾಕಾ" ಎಂದೆ. ಇನ್ನೂ ಮುನಿಸಿತ್ತು, ಮುಖ ನೋಡದೆ ಹೇಳಿದೆ.

ಅವನು ಹೋದ ಮರುದಿನ ಬೆಳಿಗ್ಗೆ ನಾನೊಬ್ಬನೇ ಛಾವಣಿ ತಟ್ಟಿದೆ. ಮೆತ್ತನೆಯ ಪಟ್ಟಿಯಲ್ಲಿ ಸದ್ದು ಅತ್ತ ಖಣ್ ಅಲ್ಲ, ಇತ್ತ ಧಬ್ ಅಲ್ಲ. ಮೇಡಮ್ಮರ ಟೇಪು ಕೂದಲೆಳೆಯಷ್ಟು ಮಾತ್ರ ವ್ಯತ್ಯಾಸ ತೋರಿಸಿತು. ಎಂಟು ಜನರನ್ನು ಒಳಗೆ ಬಿಟ್ಟೆ. ಅವರು ಮೆತ್ತನೆಯ ಪಟ್ಟಿ ದಾಟಿ, ಸುರಂಗದ ಕೊನೆಯ ಗೋಡೆಗೆ ತೂತು ಕೊರೆಯುತ್ತಿದ್ದರು. ನಾನು ಕಂಬಗಳ ಸಾಲಿನ ಹತ್ತಿರ ಕೂತಿದ್ದೆ. ಹೊತ್ತು ನೆತ್ತಿಗೆ ಬರುವ ಮುಂಚೆ ಯಂತ್ರ ಮಣ್ಣು ಸುರಿಯಲು ಹೊರಗೆ ಹೋಯಿತು, ಡ್ರಿಲ್ಲೂ ಒಂದು ಗಳಿಗೆ ನಿಂತಿತು. ಆ ನಿಶ್ಶಬ್ದದಲ್ಲಿ ಚಿಟ್ ಎಂದಿತು.

ಎದ್ದು ಮೊದಲು ನನ್ನ ದಪ್ಪ ಕಂಬದ ಹತ್ತಿರ ಹೋದೆ. ಕೈ ಇಟ್ಟೆ. ಕಲ್ಲಿನಂತೆ ನಿಂತಿತ್ತು. ಒಂದು ಎಳೆ ಅಲುಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಎದೆ ಉಬ್ಬಿತು. ಎಲ್ಲ ಸರಿಯಾಗಿದೆ, ನನ್ನ ಕಂಬ ಹಿಡಿದಿದೆ ಎಂದುಕೊಂಡೆ. ಮತ್ತೆ ಚಿಟ್ ಚಿಟ್ ಎಂದಿತು. ಬ್ಯಾಟರಿ ತಿರುಗಿಸಿದರೆ ಪಕ್ಕದ ಚೂಪು ಬುಡದ ಕಂಬ. ಅದರ ನೆತ್ತಿಯ ಮಾವಿನ ಹಲಗೆ ಅರ್ಧಕ್ಕರ್ಧ ಅಮುಕಿಕೊಂಡಿತ್ತು. ಬುಡದ ತುದಿ ಜಜ್ಜಿ, ಎಳೆ ಎಳೆಯಾಗಿ ಬಿಚ್ಚಿ ನೆಲದ ಮೇಲೆ ಹರಡಿಕೊಂಡಿತ್ತು.

ಆಗ ನಾನು ಸುಮ್ಮನೆ ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಆದರೆ ನಿಂತದ್ದು ಖರೆ. ಚೂಪು ಕಂಬವನ್ನು ನಂಬಿದರೆ ನನ್ನ ಕಂಬ ಸುಳ್ಳು ಹೇಳುತ್ತಿದೆ ಎಂದು ಒಪ್ಪಬೇಕು. ಅಜ್ಜ, ಅಪ್ಪ, ಆ ಗಿಳಿಯ ಬೋದಿಗೆಗಳು, ಎಲ್ಲ ನನ್ನ ಮುಂದೆ ಬಂದು ನಿಂತಿದ್ದವು. ಒಳಗೆ ಮಲ್ಲಪ್ಪ ಏನೋ ಹೇಳಿ ನಕ್ಕದ್ದು ಕೇಳಿಸಿತು. ಆ ನಗೆ ಕೇಳಿಸಿದ್ದೇ ನಾನು ಕೊರಳಲ್ಲಿ ತೂಗುತ್ತಿದ್ದ ಅಪಾಯದ ಸೀಟಿ ಬಾಯಿಗಿಟ್ಟು ಊದಿದೆ. ಉಸಿರು ಮುಗಿಯುವವರೆಗೆ ಊದಿದೆ.

ಒಬ್ಬೊಬ್ಬರಾಗಿ ಓಡಿ ಬಂದರು. ಬೆರಳು ಎಣಿಸಿದೆ, ಎಂಟು. ಅವರ ಹಿಂದೆ ನಾನೂ ಹೊರಗೆ ಬಿದ್ದೆ. ಮಲ್ಲಪ್ಪನಿಗೆ ಡ್ರಿಲ್ಲು ಅಲ್ಲೇ ಬಿಟ್ಟು ಬಂದದ್ದೇ ದೊಡ್ಡ ಚಿಂತೆಯಾಗಿತ್ತು. ದೊಡ್ಡ ಸಾಹೇಬರು ಬಂದರು. ಏನಾಯಿತೆಂದು ಕೇಳಿದರು. ಕಂಬ ಮಾತಾಡಿತು ಎಂದೆ. ಹಾಗೆಂದ ಮೇಲೆ ನನಗೇ ಅದು ಹುಚ್ಚರ ಮಾತಿನಂತೆ ಕೇಳಿಸಿತು.

"ಕಂಬ ಸದ್ದು ಮಾಡಿತು ಅಂತ ಪಾಳಿ ನಿಲ್ಲಿಸೋದಾ? ಟೇಪು ಏನು ಹೇಳುತ್ತೆ?" ಎಂದು ಮೇಡಮ್ಮರ ಕಡೆ ತಿರುಗಿದರು.

"ಟೇಪು ಬೆಳಿಗ್ಗಿಂದು ರೀ ಸರ್, ಸದ್ದು ಈಗಿಂದು" ಎಂದರು ಸವಿತಾ ಮೇಡಂ. "ನಮ್ಮ ಮನ್ಯಾಗ ಹತ್ತು ಮಗ್ಗ ಅದಾವ. ಎಲ್ಲಾ ಕೂಡಿ ನಡದಾಗೂ, ಒಂದರ ಸದ್ದು ಬದಲಾತು ಅಂದ್ರ ನಮ್ಮಪ್ಪ ಹೊರಗಿನ ಕಟ್ಟಿ ಮ್ಯಾಲಿಂದ ಎದ್ದ ಬರತಿದ್ರು, ಎಳಿ ಹರದೈತಿ ಅಂತ. ಒಮ್ಮೆನೂ ಸುಳ್ಳಾಗಿಲ್ಲ. ಯಾರೂ ಒಳಗ ಹೋಗೂದ ಬ್ಯಾಡ. ನಾ ಬರದ ಕೊಡ್ತೇನಿ, ಜವಾಬ್ದಾರಿ ನಂದು."

ಕಾದೆವು. ಚಹಾ ಬಂತು, ಕುಡಿದೆವು. ಮಳೆ ನಿಂತು ಬಿಸಿಲು ಬಿತ್ತು. ಏನೂ ಆಗಲಿಲ್ಲ. ಸಾಹೇಬರು ಅತ್ತಿಂದಿತ್ತ ಅಡ್ಡಾಡುತ್ತಿದ್ದರು, ಪ್ರತಿ ಸಲ ನನ್ನ ಮುಂದೆ ಬಂದಾಗ ಗಡಿಯಾರ ನೋಡುತ್ತಿದ್ದರು. ಒಂದು ತಾಸು ದಾಟಿತು. ನನಗೆ ನಾಚಿಕೆಯಾಗತೊಡಗಿತು. ಊಟಕ್ಕೆ ಕೂತವರಲ್ಲಿ ಯಾರೋ, "ಬಡಿಗೇರಗ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿರಬೇಕು" ಎಂದರು. ಮಲ್ಲಪ್ಪ ಕೈ ತೊಳೆದು ಎದ್ದು ನನ್ನ ಹತ್ತಿರ ಬಂದ.

"ಡ್ರಿಲ್ಲ ಆದ್ರೂ ತಗೊಂಡ ಬರತೇನಿ ಕಾಕಾ. ಮಣ್ಣಾಗ ಕೂತ ಕೆಟ್ಟ ಹೋಗತೈತಿ. ಎರಡ ನಿಮಿಷದ ಕೆಲಸ."

ನಾನು ಸುರಂಗದ ಬಾಯಲ್ಲಿ ಹಾರೆ ಅಡ್ಡ ಹಿಡಿದು ನಿಂತೆ. "ಹೋಗಾಂಗಿಲ್ಲ."

"ಏ, ಬಿಡ ಕಾಕಾ."

"ಮಲ್ಲ್ಯಾ, ನನ್ನ ಕೆಡವಿ ಹೋಗು. ಹಂಗ ಬಿಡಾಂಗಿಲ್ಲ."

ಅವನು ನನಗಿಂತ ಎರಡು ಪಟ್ಟು ಗಟ್ಟಿ ಆಳು. ಹಾರೆಗೆ ಕೈ ಹಾಕಿದ. ಅದೇ ಹೊತ್ತಿಗೆ ಒಳಗಿನಿಂದ ಢಮ್ ಎಂದು ಒಂದು ಸದ್ದು ಬಂತು. ಅದು ಕಲ್ಲಿನದಲ್ಲ, ಗಟ್ಟಿ ಕಟ್ಟಿಗೆ ಸಿಡಿದ ಸದ್ದು, ಬಡಿಗೇರನಿಗೆ ಅದು ತಪ್ಪುವುದಿಲ್ಲ. ಅದರ ಬೆನ್ನಿಗೇ ಛಾವಣಿ ಕುಸಿದು ನೆಲ ನಡುಗಿತು. ಸುರಂಗ ಒಮ್ಮೆ ಉಸಿರು ಬಿಟ್ಟು ನಮ್ಮಿಬ್ಬರ ತಲೆಯ ಮೇಲಿನ ಟೊಪ್ಪಿಗೆ ಹಾರಿಸಿತು. ಧೂಳಿನಲ್ಲಿ ಮಲ್ಲಪ್ಪನ ಮುಖವೂ ಕಾಣಲಿಲ್ಲ. ಹಾರೆಯ ಮೇಲೆ ಅವನ ಕೈ ಮಾತ್ರ ಹಾಗೇ ಇತ್ತು.

ಧೂಳು ಇಳಿದ ಮೇಲೆ ಮಲ್ಲಪ್ಪ ನೆಲದ ಮೇಲೆ ಕೂತುಬಿಟ್ಟ. ದೊಡ್ಡ ಸಾಹೇಬರು ನನ್ನ ಹತ್ತಿರ ಬಂದು, ಹೆಗಲ ಮೇಲೆ ಕೈ ಇಟ್ಟು ಹೊರಟುಹೋದರು. ಸವಿತಾ ಮೇಡಂ ಎಲ್ಲರ ತಲೆ ಎಣಿಸಿದರು, ಮುಗಿಸಿ ಮತ್ತೊಮ್ಮೆ ಎಣಿಸಿದರು. ಆಮೇಲೆ ಅತ್ತ ತಿರುಗಿ ಕನ್ನಡಕ ಒರೆಸಿಕೊಂಡರು.

ಕಮಾನುಗಳು ಬಂದ ಮೇಲೆ, ಒಂದೊಂದೇ ನಿಲ್ಲಿಸುತ್ತ, ಬಿದ್ದದ್ದನ್ನು ತೆಗೆಯುತ್ತ ಮುಂದೆ ಹೋದೆವು. ಅಷ್ಟರಲ್ಲಿ ಬೀರಪ್ಪಕಾಕಾ ಕರಿ ಕನ್ನಡಕ ಹಾಕಿಕೊಂಡು ಬಂದಿದ್ದ. ನನ್ನ ದಪ್ಪ ಕಂಬ ಉದ್ದಕ್ಕೆ ಎರಡು ಸೀಳಾಗಿ, ಒಂದು ಸೀಳು ಎಷ್ಟೋ ದೂರ ಹಾರಿ ಬಿದ್ದಿತ್ತು. ಅಲ್ಲಿ ಯಾರಾದರೂ ಇದ್ದಿದ್ದರೆ ಕಲ್ಲಿಗಿಂತ ಮೊದಲು ಅದೇ ಕೊಲ್ಲುತ್ತಿತ್ತು. ನಾನು ಅದನ್ನು ನೋಡುತ್ತ ನಿಂತೆ. ಮಾಡಿದ್ದೆಲ್ಲ ಹೇಳಿಬಿಟ್ಟೆ, ಸೀಟಿ ಊದುವ ಮುಂಚೆ ಸುಮ್ಮನೆ ನಿಂತದ್ದನ್ನೂ ಬಿಡಲಿಲ್ಲ.

"ನಿನ್ನ ಕಂಬ ಭಾಳ ಗಟ್ಟಿ ಇತ್ತು. ಕಡೀತನಕಾ ಬಾಯಿ ಬಿಡಲಿಲ್ಲ" ಎಂದ ಬೀರಪ್ಪಕಾಕಾ.

"ನೋಡಿದ ದಿನಾನ ಯಾಕ ಬೈಲಿಲ್ಲ? ಯಾಕ ಕಿತ್ತ ಒಗೀಲಿಲ್ಲ?"

"ಭಾರ ಹೊತ್ತ ನಿಂತ ಕಂಬಾನ ಕಿತ್ತಿದ್ರ ಅವತ್ತ ಗುಡ್ಡ ಬೀಳತಿತ್ತು. ಬೈದಿದ್ರ ನೀ ತೇರದಾಳದ ಬಸ್ ಹತ್ತತಿದ್ದಿ. ಆಮ್ಯಾಲ ಆ ಸದ್ದು ಕೇಳಾಂವ ಯಾರು?" ಎಂದ. ಕೆಳಗೆ ಬಗ್ಗಿ, ಕಲ್ಲಿನ ಪುಡಿಯೊಳಗೆ ಕೈಯಾಡಿಸಿ, ಚೂಪು ಕಂಬದ ಬುಡವನ್ನು ಎತ್ತಿದ. ಒಂದು ಮೊಳದ ತುಂಡು, ತುದಿಯಲ್ಲಿ ಎಳೆಗಳೆಲ್ಲ ಕೆದರಿಕೊಂಡಿದ್ದವು. "ತಗೋ. ಇದೂ ನಿನ್ನ ಕೈ ಕೆಲಸಾನ."

ಆ ಮಾತು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅದರ ಬುಡ ಕೆತ್ತಿದ್ದು ನಾನು, ಅಪ್ಪ ನೋಡದಿದ್ದರೆ ಸಾಕೆಂದು ಮುಖ ಗಂಟಿಕ್ಕಿಕೊಂಡು ಕೆತ್ತಿದ್ದು. ಸುರಂಗ ಮುಗಿಯುವವರೆಗೆ ಅಲ್ಲೇ ದುಡಿದೆ. ಆಮೇಲೆ ಕೆತ್ತಿದ ಒಂದೊಂದು ಬುಡವನ್ನೂ ಮನಸ್ಸಿಟ್ಟು ಕೆತ್ತಿದೆ. ಈಗ ಆ ದಾರಿಯಲ್ಲಿ ನೀರು ಹೋಗುತ್ತದೆ, ಆಚೆಗಿನ ಊರುಗಳಲ್ಲಿ ಗೋವಿನಜೋಳ, ಕಬ್ಬು ನಿಂತಿವೆ. ಬೀರಪ್ಪಕಾಕಾ ತೀರಿಹೋಗಿ ಎರಡು ವರ್ಷವಾಯಿತು. ಅವನ ಹಾರೆ ನನ್ನ ಹತ್ತಿರ ಇದೆ.

ಆ ತುಂಡನ್ನು ಅಂಗಡಿಯ ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ. ಬೇರೆ ಬಡಿಗೇರರು ಅಲ್ಲಿ ಆನೆ, ಗಣಪತಿ ಕೆತ್ತಿ ಇಡುತ್ತಾರೆ. ಮೊದಮೊದಲು ಶಾಂತವ್ವ, "ಸವದ ಕಸಬರಿಗಿ ಇದ್ದಂಗ ಐತಿ, ಒಲಿಗೆ ಹಾಕಲೇನು?" ಎಂದು ಕೇಳಿದ್ದಳು. ಕಥೆ ಹೇಳಿದ ಮೇಲೆ ಹಬ್ಬಕ್ಕೊಮ್ಮೆ ಅವಳೇ ಧೂಳು ಒರೆಸುತ್ತಾಳೆ. ನಿಮ್ಮ ಕೈಯಿಂದ ಆದದ್ದರಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಗಿರಾಕಿ ಕೇಳಿದರೆ ಅದನ್ನೇ ತೋರಿಸುತ್ತೇನೆ. ಚೇಷ್ಟೆ ಎಂದುಕೊಂಡು ನಗುತ್ತಾರೆ, ನಗಲಿ.

ಪಡಸಾಲೆಗೆ ಕಂಬ ಬೇಕೆಂದ ಹಿಪ್ಪರಗಿಯವರು ಬೇರೆ ಯಾರೂ ಅಲ್ಲ, ಮಲ್ಲಪ್ಪ. ಹೋದ ತಿಂಗಳು ಹೆಂಡತಿ ಮಗಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬಂದಿದ್ದ. ಸ್ಲ್ಯಾಬಿನ ಮನೆಗೆ ಕಂಬ ಬೇಕಾಗುವುದಿಲ್ಲ, ದುಡ್ಡು ಯಾಕೆ ಹಾಳು ಮಾಡುತ್ತೀ ಎಂದು ನಾನೇ ಹೇಳಿದೆ. ಅವನು ಮಾಡದಿಂದ ಆ ತುಂಡು ಇಳಿಸಿ, ಕೆದರಿದ ಎಳೆಗಳ ಮೇಲೆ ಹೆಬ್ಬೆರಳು ಆಡಿಸಿದ. "ಗೊತ್ತೈತಿ ಕಾಕಾ. ಆದ್ರೂ ಒಂದ ಇರಲಿ. ಬುಡ ಇದರಂಗ ಚೂಪ ಮಾಡು" ಎಂದ. ಅವನ ಮಗಳಿಗೆ ಈಗ ನಾಲ್ಕು ವರ್ಷ. ಆ ಆಷಾಢ ಕಳೆದು ಎಷ್ಟೋ ಕಾಲದ ಮೇಲೆ ಹುಟ್ಟಿದವಳು.

ಸಾಮಿಲ್ಲಿನ ಮಾಲೀಕ ಮೂರನೆಯ ಸಲ ಕರೆದಾಗ ಎಚ್ಚರವಾಯಿತು. ಸಾಗವಾನಿ ಬೇಡ, ಈ ಜಾಲಿಯಲ್ಲೇ ಒಂದು ನೇರವಾದದ್ದು ಕೊಡಿ ಎಂದೆ. ಪಡಸಾಲೆಗೆ ಜಾಲಿಯೇ ಎಂದು ಅವನು ಮುಖ ನೋಡಿದ. ಟಂಟಂ ಗಾಡಿಯ ಮೇಲೆ ಹೇರಿಸಿಕೊಂಡು ಬಂದೆ. ಅಪ್ಪನ ಬಾಚಿ ಮಸೆದು, ಇವತ್ತು ಬೆಳಿಗ್ಗೆ ಅಂಗಡಿಯ ಮುಂದೆ, ರಸ್ತೆಯ ಮಂದಿಯೆಲ್ಲ ನೋಡುವಂತೆ ಕೂತು, ಬುಡ ಸಣ್ಣ ಮಾಡಲು ಶುರು ಮಾಡಿದ್ದೇನೆ.